ಮಾಸ್ಕೋ ಪರದೆ

ಅಮೆರಿಕದ ಅಲ್ಫರೆಟಾದ ಕ್ಲಬ್‌ಹೌಸಿನ ಗೋಡೆಗೆ ಪರದೆ ಕಟ್ಟಿ ಇಳಿಬಿಟ್ಟಾಗ ಮೊದಲು ಚಪ್ಪಾಳೆ ತಟ್ಟಿದವಳು ಮುನೀಬಾ. ಆಮೇಲೆ ಪಕ್ಕದಲ್ಲಿ ಅಂಟಿಸಿದ್ದ ಮೂಲಚಿತ್ರದ ಪ್ರಿಂಟನ್ನೂ ಪರದೆಯನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದಳು.

“ಅಬ್ಬಾ, ಜನ ಎಲ್ಲಿ?”

ಏಣಿಯ ಮೇಲಿದ್ದ ಅವಳ ತಂದೆ ತಜಮ್ಮುಲ್ ಸಾಹೇಬರು ತಿರುಗಿದರು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಅಲೆಕ್ಸೆಯೆವ್ ಎಂಬ ರಷ್ಯದವನು ಬರೆದ ಮಾಸ್ಕೋದ ಚೌಕ ಅದು. ಗುಮ್ಮಟ, ಕೋಟೆಗೋಡೆ, ಮೋಡ, ಎಲ್ಲ ಸಾಹೇಬರ ಪರದೆಗೆ ಹಾಗೆಯೇ ಇಳಿದಿತ್ತು. ಆದರೆ ಅವನ ಚೌಕದಲ್ಲಿ ಕುದುರೆ, ಗಾಡಿ, ಸಂತೆ ಕೂಡಿದಂತೆ ಜನ. ಇವರ ಚೌಕ ಗುಡಿಸಿಟ್ಟ ಕಣದ ಹಾಗೆ ಖಾಲಿ.

ಸಾಹೇಬರು ತಮ್ಮ ಕೈ ನೋಡಿಕೊಂಡರು. ನರಸೀಪುರದ ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆದುಕೊಟ್ಟ ಕೈ ಅದು. ಅರಮನೆ, ತೋಟ, ಮೆಟ್ಟಿಲು ಏನೇ ಬರೆದರೂ ಗಿರಾಕಿ ಬಂದು ನಿಲ್ಲುವ ನಡುಜಾಗ ಬಿಟ್ಟೇ ಅದಕ್ಕೆ ರೂಢಿ. ಡಿಜಿಟಲ್ ಬಂದ ಮೇಲೆ ಮುಟ್ಟದಿದ್ದ ಕುಂಚವನ್ನು ಮಗಳ ಆಸೆಗೆಂದು ಈಗ ಹಿಡಿದಿದ್ದರು.

“ಸೇಮ್ ಟು ಸೇಮ್ ಅಂತ ಗ್ರೂಪಲ್ಲೆಲ್ಲ ಹೇಳ್ಬಿಟ್ಟಿದೀನಿ. ಈದ್ ಪಾರ್ಟಿಗೆ ಇನ್ನೇನು ಬಂದ್ಬಿಡ್ತಾರೆ. ಸಣ್ಣಸಣ್ಣದಾಗಿ ನಾಲ್ಕು ಜನಾನಾದ್ರೂ ಹಾಕ್ಬಿಡಿ, ಅಬ್ಬಾ.”

“ಜನ ಬರೆದು ಗೊತ್ತಿಲ್ಲಮ್ಮ ನಂಗೆ,” ಎಂದರೂ, ಮಗಳ ಮುಖ ಸಣ್ಣದಾಗಬಾರದೆಂದು ಮೂಲೆಯಲ್ಲೊಬ್ಬನನ್ನು ಬರೆದರು. ಹೆಂಡತಿ ಜೈನಬ್ ತಲೆ ವಾರೆ ಮಾಡಿ ನೋಡಿದರು.

“ಏನ್ರೀ, ಇದು ಮನುಷ್ಯನೋ ಹೊಲದ ಬೆದರುಬೊಂಬೆಯೋ?”

ಸಾಹೇಬರು ಅವನನ್ನು ಒರೆಸಿ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಹೊಸ ಬಟ್ಟೆಯ ಮಕ್ಕಳು ಒಂದೇ ಓಟಕ್ಕೆ ಬಂದು ಪರದೆಯ ಮುಂದೆ ನಿಂತವು. “ಅಂಕಲ್, ಪಿಕ್ಚರ್ ತೆಗೀತೀರಾ?” ಹಿಂದೆಯೇ ಅಪ್ಪ, ಅಮ್ಮ, ಅಜ್ಜಿ, ಅವರ ಹಿಂದೆ ಇನ್ನೊಂದು ಮನೆಯವರು. ಪ್ರಿಂಟಿನ ಕಡೆ ಯಾರೂ ಕಣ್ಣೆತ್ತಲಿಲ್ಲ. ನೋಡನೋಡುತ್ತ ಮಾಸ್ಕೋದ ಚೌಕದಲ್ಲಿ ಜರಿಸೀರೆ, ಶೆರ್ವಾನಿ, ಶೀರ್ ಖುರ್ಮಾದ ಬಟ್ಟಲುಗಳು ತುಂಬಿ ಕಾಲಿಡಲು ಜಾಗವಿಲ್ಲದಾಯಿತು.

“ಇಷ್ಟು ಪರದೆ ಬರೆದ್ರಿ, ಒಂದರ ಮುಂದಾದ್ರೂ ನನ್ನ ನಿಲ್ಲಿಸಿದೀರಾ?” ಎಂದು ಜೈನಬ್ ಗಂಡನನ್ನು ಏಣಿಯಿಂದ ಇಳಿಸಿ, ಮಧ್ಯಕ್ಕೆ ಎಳೆದುಕೊಂಡು ಹೋದರು. ಮುನೀಬಾ ನಗುತ್ತ ಫೋನ್ ಎತ್ತಿದಳು.

ಹೆಂಡತಿಗೆ ಭುಜ ತಾಗಿಸಿ ನಿಂತ ಸಾಹೇಬರು ಪಕ್ಕದ ಪ್ರಿಂಟಿನಲ್ಲಿದ್ದ ಜನಜಂಗುಳಿಯನ್ನು ಕಂಡು ಮರುಗಿದರು.

“ಪಾಪ, ಆ ರಷ್ಯದವನ ಪರದೆ ಮುಂದೆ ಯಾರೂ ಬಂದು ನಿಲ್ಲಲಿಲ್ಲ ಅನ್ಸುತ್ತೆ. ಅಷ್ಟು ಜನಾನೂ ಅವನೇ ಬರ್ಕೋಬೇಕಾಯ್ತು.”