ನೀಲಿ ಅಮ್ಮ, ಹಸಿರು ಅಮ್ಮ

ಮಕ್ಕಳನ್ನು ಹೆತ್ತು ಸಾಕಿದವರು ಎಷ್ಟೋ ಜನ ಇರುವಾಗ ನಾನು ಇದನ್ನು ಹೇಳಲು ಹೊರಟಿದ್ದಕ್ಕೆ ಕ್ಷಮೆಯಿರಲಿ. ಸರಿಯಾಗಿ ಹೇಳಿಯೇನೋ ಇಲ್ಲವೋ ಎಂಬ ಅಳುಕು ಈಗಲೂ ಇದೆ. ಹನ್ನೊಂದು ಗಂಟೆಗೆ ಬರುತ್ತೇನೆಂದಿದ್ದ ಮಕ್ಕಳ ಇಲಾಖೆಯ ಮೇಡಂ ಬಂದದ್ದು ಎರಡಕ್ಕೆ ಹತ್ತು ನಿಮಿಷ ಇರುವಾಗ. ಹೊಲಿಗೆಯ ನೀಲಿ ಏಪ್ರನ್ನಿನಲ್ಲೇ ಬಾಗಿಲು ತೆರೆದ ಟೈಲರಮ್ಮ ‘ಬನ್ನಿ’ ಎನ್ನುವ ಮೊದಲು ತಿರುಗಿ ಗಡಿಯಾರ ನೋಡಿದಳು.

ನಾಲ್ಕು ತಿಂಗಳ ಹಿಂದೆ ದತ್ತು ಪಡೆಯಲೆಂದು ಟೈಲರಮ್ಮ ಶಿಶುಗೃಹದಿಂದ ಕರೆತಂದಿದ್ದ ಮಗು ಚುಕ್ಕಿ. ಮೂರು ವರ್ಷ. ಇವತ್ತು ಮೇಡಂ ಒಳ್ಳೆಯ ವರದಿ ಬರೆದರೆ ಅವಳು ಈ ಮನೆಯವಳು, ಇಲ್ಲದಿದ್ದರೆ ವಾಪಸ್ಸು ಅಲ್ಲಿಗೇ. ಚುಕ್ಕಿ ಓಡಿಬಂದು ಮೇಡಂ ತೊಡೆಯೇರಿ ಅವರ ಕೊರಳಿನ ಗುರುತಿನ ಚೀಟಿ ಹಿಡಿದು ಆಡತೊಡಗಿದಳು.

“ಎಷ್ಟು ಬೇಗ ಹೊಂದ್ಕೊಂಡಿದ್ದಾಳೆ!” ಎಂದು ಮೇಡಂ ನಕ್ಕರು.

ಟೈಲರಮ್ಮನಿಗೆ ನಗು ಬರಲಿಲ್ಲ. ಹೋದ ವಾರ ಸಿಲಿಂಡರ್ ತಂದವನ ಹೆಗಲನ್ನೂ ಮಗು ಹೀಗೆಯೇ ಏರಿತ್ತು. ಅವನು ಹೊರಟಾಗ ಹಿಂದೆಯೇ ಗೇಟಿನವರೆಗೆ ಹೋಗಿ, ಗಾಡಿ ಹತ್ತಿಸಿಕೋ ಎಂದು ಕೈ ಚಾಚಿತ್ತು. ಹೇಳಬೇಕೆ, ಬೇಡವೆ?

ಮೇಡಂ ಕಾಗದ ತಿರುವಿದರು. “ಮಗು ನಿಮ್ಮನ್ನ ಬೇರೆಯವರಿಗಿಂತ ಬೇರೆ ಅಂತ ಗುರುತು ಹಿಡಿಯುತ್ತಾ? ಹೌದು, ಇಲ್ಲ, ಅಷ್ಟೇ ಹೇಳಿ ಸಾಕು.”

ಟೈಲರಮ್ಮ ಮತ್ತೆ ಗಡಿಯಾರದತ್ತ ತಿರುಗಿದಳು. ಅಷ್ಟರಲ್ಲಿ ಎರಡು ಹೊಡೆಯಿತು. ಚುಕ್ಕಿ ಸರ್ರನೆ ಇಳಿದು ಹೋಗಿ ಟೈಲರಮ್ಮನ ಚಪ್ಪಲಿ ತಂದು, ಮೂತಿ ಹೊರಗೆ ಮಾಡಿ ಹೊಸ್ತಿಲಲ್ಲಿ ಜೋಡಿಸಿಟ್ಟಳು.

“ನೀಲಿ ಅಮ್ಮಾ, ಟೈಮಾಯ್ತು.”

ಮೇಡಂ ಪೆನ್ನು ನಿಂತಿತು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅತ್ತೆ ಕನ್ನಡಕ ತೆಗೆದರು. “ಹೇಳ್ಬಿಡೇ ತಾಯಿ, ಇನ್ನೇನು ಮುಚ್ಚಿಡೋದು. ಮೇಡಂ, ಒಬ್ಬ ಸೊಸೆ ಸಾಲ್ದು ಅಂತ ನಂಗೆ ಪಾಳಿ ಮೇಲೆ ಇಬ್ಬರು ಸೊಸೆಯರು. ಅಡುಗೆಗೆ ಮಾತ್ರ ಇಬ್ಬರೂ ಉಪ್ಪು ಹಾಕಲ್ಲ.”

ಟೈಲರಮ್ಮ ತಡವರಿಸುತ್ತ ಹೇಳಿದಳು. ಶಿಶುಗೃಹದಲ್ಲಿ ಬೆಳಗಿನ ಆಯಾಗಳಿಗೆ ನೀಲಿ ಏಪ್ರನ್, ಮಧ್ಯಾಹ್ನದವರಿಗೆ ಹಸಿರು. ಮಕ್ಕಳಿಗೆ ಎಲ್ಲರೂ ಅಮ್ಮಂದಿರೇ. ಎರಡಕ್ಕೆ ನೀಲಿಯವರು ಹೋಗುತ್ತಾರೆ, ಹಸಿರಿನವರು ಬಂದು ಊಟ ಹಾಕುತ್ತಾರೆ. ಟೈಲರಮ್ಮ ಹೊಲಿಯಲು ಕೂರುವಾಗ ಹಾಕಿಕೊಳ್ಳುತ್ತಿದ್ದದ್ದೂ ನೀಲಿ ಏಪ್ರನ್ನೇ. ಬಂದ ಹೊಸದರಲ್ಲಿ ಮಗು ಎರಡು ಗಂಟೆಗೆ ಬಾಗಿಲು ಕಾಯುತ್ತ ನಿಂತುಬಿಡುತ್ತಿತ್ತು. ಮೂರು ದಿನ ಮಧ್ಯಾಹ್ನದ ಊಟ ಮುಟ್ಟಲಿಲ್ಲ. ನಾಲ್ಕನೆಯ ದಿನ ಯಾರದೋ ಸಮವಸ್ತ್ರ ಹೊಲಿದು ಮಿಕ್ಕ ಬಟ್ಟೆಯಲ್ಲಿ ಈಕೆ ಹಸಿರು ಏಪ್ರನ್ ಹೊಲಿದಳು. ನೀಲಿ ಬಿಚ್ಚಿಟ್ಟು, ಚಪ್ಪಲಿ ಮೆಟ್ಟಿ, ಮನೆ ಸುತ್ತಿಕೊಂಡು ಹಿಂಬಾಗಿಲಿನಿಂದ ಹಸಿರಾಗಿ ಒಳಗೆ ಬಂದಳು. ಮಗು ತಟ್ಟೆ ಖಾಲಿ ಮಾಡಿತು.

“ನಾಲ್ಕು ದಿನ ಮಾಡಿ ಬಿಡೋಣ ಅಂದ್ಕೊಂಡಿದ್ದೆ. ನಾಲ್ಕು ತಿಂಗಳಾಯ್ತು. ತಪ್ಪು ಮಾಡಿದ್ನಾ ಮೇಡಂ?”

“ನಂಗೆ ಗೊತ್ತಿಲ್ಲಮ್ಮ. ನಮ್ಮ ತರಬೇತೀಲಿ ಇದನ್ನ ಹೇಳ್ಕೊಟ್ಟಿಲ್ಲ. ಇಬ್ಬರೂ ನೀವೇ ಅಂತ ಅವಳಿಗೆ ಗೊತ್ತಾ?”

“ಒಂದೊಂದ್ಸಲ ಗೊತ್ತು ಅನ್ಸುತ್ತೆ, ಕಳ್ಳನಗು ನಗ್ತಾಳೆ. ಒಂದೊಂದ್ಸಲ ನೀಲಿ ಅಮ್ಮ ಬೈದ್ರು ಅಂತ ನನ್ನ ಹತ್ರಾನೇ ದೂರು ಹೇಳಿ ಅಳ್ತಾಳೆ. ನಾನೇ ಸಮಾಧಾನ ಮಾಡ್ತೀನಿ.”

“ನೀಲಿ ಅಮ್ಮಾ, ಹೋಗಿ,” ಎಂದು ಚುಕ್ಕಿ ಅವಳ ಬೆನ್ನು ದೂಡಿದಳು.

ನಿಂತರೆ ಮಗು ಉಪವಾಸ. ಹೋದರೆ ಒಳಗೆ ಹೊಸ ಹೆಂಗಸೊಬ್ಬರು ಕೂತಿದ್ದಾರೆ. ಮುಂದಿನ ಪಾಳಿ ಇವರದೇ ಎಂದು ಮಗು ಅವರ ಕೈಯಿಂದಲೇ ಉಂಡುಬಿಟ್ಟರೆ? ಟೈಲರಮ್ಮ ಚಪ್ಪಲಿ ಮೆಟ್ಟಿ ಹೊರಟಳು. ನೀರಿನ ತೊಟ್ಟಿ ದಾಟಿ, ಒಣಹಾಕಿದ ಬಟ್ಟೆಗಳಡಿ ಬಗ್ಗಿ, ನೀಲಿ ಬಿಚ್ಚಿಟ್ಟು ಹಿತ್ತಿಲ ಮೊಳೆಯಲ್ಲಿ ತೂಗುತ್ತಿದ್ದ ಹಸಿರು ಏಪ್ರನ್ ತೊಟ್ಟಳು. ದಿನಾ ಕಟ್ಟುವ ಲಾಡಿಗೆ ಇವತ್ತು ಗಂಟೇ ಬೀಳಲಿಲ್ಲ. ಒಳಗಿನಿಂದ ಸದ್ದೇ ಇಲ್ಲ. ಹಾಗೇ ಬಾಗಿಲು ತಳ್ಳಿದಳು.

ಚುಕ್ಕಿ ಅಲ್ಲೇ ನಿಂತಿದ್ದಳು, ಒಬ್ಬಳೇ. ಆಚೀಚೆ ನೋಡಿ ಫ್ರಾಕ್ ಎತ್ತಿದಳು. ಹೊಟ್ಟೆಗೆ ಎರಡು ಸುತ್ತು ಸುತ್ತಿತ್ತು, ಅಳತೆ ಟೇಪು.

“ಹಸಿರು ಅಮ್ಮಾ, ಇದು ನೀಲಿ ಅಮ್ಮಂದು. ಬಚ್ಚಿಟ್ಟಿದ್ದೀನಿ.”

“ಯಾಕೆ ಮರಿ?”

“ಇದು ಇಲ್ದೆ ಅವ್ರಿಗೆ ಹೊಲಿಯೋಕಾಗಲ್ಲ. ಹುಡುಕ್ಕೊಂಡು ವಾಪಸ್ ಬರ್ತಾರೆ. ನೀವು ಹೇಳ್ಬೇಡಿ ಅವ್ರಿಗೆ.”

“ಇಲ್ಲ, ಹೇಳಲ್ಲ.” ಟೈಲರಮ್ಮ ಅಲ್ಲೇ ಕುಕ್ಕರಿಸಿದಳು. ನೀಲಿ ಅಮ್ಮನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೇಡಂ ಗೋಡೆಗೆ ಕಾಗದವೊತ್ತಿ ‘ಹೌದು’ ಎಂದು ಬರೆದರು. ಬರೆದಾದ ಮೇಲೆ ಮೆಲ್ಲಗೆ ಕೇಳಿದರು:

“ಗುರುತು ಹಿಡೀತಾಳೆ ಅಂತ ಬರ್ದಿದ್ದೀನಮ್ಮ. ಯಾರನ್ನ ಅಂತ ಆಫೀಸಿನಲ್ಲಿ ಕೇಳಿದ್ರೆ ಏನು ಹೇಳ್ಲಿ?”

ಟೈಲರಮ್ಮನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.