ಅಪ್ಪನ ‘ಆಗಲ್ಲ’

ಬೈಕಿನ ಹ್ಯಾಂಡಲ್ ಎತ್ತರಿಸಲು ನಾಲ್ಕು ಸಾವಿರದ ಇನ್ನೂರು. ಸೀಟಿಗೆ ಎರಡು ಸಾವಿರದ ಎಂಟುನೂರು. ಎದುರಿನ ಗಾಜಿಗೆ ಮೂರು ಸಾವಿರ. ಕೂಲಿ ಬೇರೆ. ಎಲ್ಲ ಸೇರಿ ಅವಳ ಅರ್ಧ ತಿಂಗಳ ಸಂಬಳ. ಗ್ಯಾರೇಜಿನ ಚೀಟಿಯನ್ನು ಅವಳು ಊಟದ ಮೇಜಿನ ಮೇಲೆ ಇಟ್ಟದ್ದು ಅನುಮತಿ ಕೇಳಲು ಅಲ್ಲ, ಎಲ್ಲರ ಕಣ್ಣಿಗೆ ಬೀಳಲಿ ಎಂದು.

ಅಮ್ಮ ಚೀಟಿಯನ್ನು ಮುಟ್ಟಲೂ ಇಲ್ಲ. “ಬೇಡ,” ಎಂದಳು.

ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. ಮೂವತ್ತೊಂದು ವರ್ಷ ದೂರದೂರುಗಳಿಗೆ ಬಸ್ಸು ಓಡಿಸಿ ನಿವೃತ್ತರಾದವರು. “ಆಗಲ್ಲ,” ಎಂದರು.

ಮನೆಯಲ್ಲಿ ಅವಳನ್ನು ಕರೆಯುವುದೇ ಮೊಂಡಿ ಎಂದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಕೂದಲೆಳೆಯಷ್ಟು ತಪ್ಪಿದರೂ ಬಿಸಾಡಿ ಮತ್ತೆ ಶುರು ಮಾಡುವವಳು. ಹಳೆಯ ರೇಸಿನ ಬೈಕೊಂದನ್ನು ತನ್ನ ದುಡ್ಡಿನಲ್ಲೇ ಕೊಂಡು ತಂದಿದ್ದಳು. ಅದರಲ್ಲಿ ಒಬ್ಬಳೇ, ರಸ್ತೆ ಮುಗಿದು ಸಮುದ್ರ ಶುರುವಾಗುವ ತುದಿಯ ತನಕ ಹೋಗಿ ಬರಬೇಕು. ಎರಡು ಸಾವಿರದ ನಾನೂರು ಕಿಲೋಮೀಟರು. ಆ ಬೈಕೋ, ಅರ್ಧ ಗಂಟೆಯಲ್ಲೇ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹೇರುವಂಥದ್ದು.

ಅಮ್ಮ ಷರತ್ತು ಹಾಕಿದಳು. ತಿಂಗಳ ಕೊನೆಯೊಳಗೆ ಹೊರಡದಿದ್ದರೆ ಬೈಕು ಮಾರಬೇಕು. ಮೊಂಡಿ ಹಿಂದೆ ಮುಂದೆ ನೋಡದೆ ಒಪ್ಪಿದಳು. ಉಳಿದಿದ್ದು ಇಪ್ಪತ್ತಾರು ದಿನ.

“ಯಾಕಾಗಲ್ಲ?” ಎಂದು ಅಪ್ಪನತ್ತ ತಿರುಗಿದಳು.

“ಹ್ಯಾಂಡಲ್ ಒಂದೇ ಎತ್ತಿದ್ರೆ ಮುಗೀತಾ? ಕಾಲು ಅಲ್ಲೇ ಮಡಚಿಕೊಂಡಿರುತ್ತೆ. ನೂರು ಕಿಲೋಮೀಟರಿಗೆ ಮಂಡಿ ಹಿಡ್ಕೊಳ್ಳುತ್ತೆ. ಇಳಿಸೋಕೆ ಇಬ್ಬರು ಬೇಕು ನಿನ್ನ.”

ಮರುದಿನವೇ ಅವಳು ಫುಟ್‌ರೆಸ್ಟುಗಳನ್ನು ಮೂರು ಬೆರಳು ಕೆಳಗಿಳಿಸಲು ಹೇಳಿ ಬಂದಳು. ಅಪ್ಪನ ಬಾಯಿ ಮುಚ್ಚಿಸಿದೆ ಎಂದುಕೊಂಡಳು.

ಭಾನುವಾರ ಬೈಕು ಗ್ಯಾರೇಜಿನಿಂದ ಅಂಗಳಕ್ಕೆ ಬಂತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಬ್ರೇಕಿನ ಪೈಪು ತಂತಿಯಂತೆ ಬಿಗಿದು ನಿಂತಿತು. ಎತ್ತರ ಏರಿದ್ದು ಹ್ಯಾಂಡಲ್ ಮಾತ್ರ. ಪೈಪು ಹಳೆಯದೇ, ಅಷ್ಟೇ ಉದ್ದ. ತಿರುವಿನಲ್ಲಿ ಕಿತ್ತು ಬಂದರೆ ಕಥೆ ಅಲ್ಲಿಗೆ ಮುಗಿಯಿತು, ಆಗಲ್ಲ ಎಂದು ಹೇಳಿ ಪೇಪರು ಓದಲು ಕೂತರು. ಅವಳ ಕಿವಿ ಬಿಸಿಯಾಯಿತು. ಅವರು ಹೇಳಿದ್ದು ಸರಿಯಾಗಿತ್ತು ಎಂಬುದೇ ಹೆಚ್ಚು ಉರಿಸಿತು.

ಉದ್ದದ ಪೈಪು ಬಂತು. ಆಮೇಲೆ ಸೀಟು. ದಿಂಬಿನಷ್ಟು ಮೆತ್ತಗಿದೆ ಎಂದು ಅವಳು ಹೆಮ್ಮೆಪಟ್ಟರೆ, ಅಪ್ಪ ಹೆಬ್ಬೆರಳಿನಿಂದ ಒತ್ತಿ ತಳ ಮುಟ್ಟಿದರು.

“ಅಂಗಡೀಲಿ ಕೂತಾಗ ಚೆನ್ನಾಗೇ ಇರುತ್ತೆ. ಎರಡು ಗಂಟೆ ಕಳೆದ್ರೆ ಹಲಗೆ ಮೇಲೆ ಕೂತಂಗೆ. ಗಟ್ಟಿ ಸ್ಪಂಜು ಬೇಕು, ಅಗಲ ಬೇಕು, ಮುಂದಕ್ಕೆ ಜಾರದ ಹಾಗೆ ಮಟ್ಟಸವಾಗಿರಬೇಕು. ಅದನ್ನೆಲ್ಲ ಈ ಊರಲ್ಲಿ ಯಾರು ಮಾಡ್ತಾರೆ? ಆಗಲ್ಲ ಬಿಡು.”

ಯಾರು ಮಾಡುತ್ತಾರೆ ಎಂದು ಅವಳು ಹುಡುಕಿಯೇ ಬಿಟ್ಟಳು. ಲಾರಿಗಳಿಗೆ ಸೀಟು ಹೊಲಿಯುವವನೊಬ್ಬ ಸಿಕ್ಕಿದ. ಎರಡು ಸಂಜೆ ಅವನ ಎದುರೇ ಕೂತು, ಎದ್ದು, ಮತ್ತೆ ಕೂತು, ಹೊಲಿಗೆ ಬಿಚ್ಚಿಸಿ, ಹೊಸದಾಗಿ ಹಾಕಿಸಿದಳು.

ಗಾಜಿನ ಸರದಿ ಬಂದಾಗ ಗಾಳಿ ನೇರ ಹೆಲ್ಮೆಟ್ಟಿಗೇ ಬಡಿಯುತ್ತದೆ, ಸಂಜೆ ಹೊತ್ತಿಗೆ ತಲೆ ಗುಂಯ್‌ಗುಡುತ್ತದೆ, ಗಾಳಿ ಹೆಗಲಿಗೆ ತಾಗಬೇಕು ಎಂದು ಅಪ್ಪನ ತಕರಾರು. ಆ ಪ್ಲಾಸ್ಟಿಕ್ ಗಾಜನ್ನು ಅವಳು ತಾನೇ ಮೂರು ಬೆರಳು ಕತ್ತರಿಸಿ, ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವ ಚಕ್ರದಲ್ಲೇ ಅಂಚು ಉಜ್ಜಿ ಕೂರಿಸಿದಳು.

ಗ್ಯಾರೇಜಿನ ಮೆಕ್ಯಾನಿಕ್ ಸುಸ್ತಾಗಿದ್ದ. “ನಿಮ್ಮಪ್ಪ ನಿಮಗೆ ಶತ್ರುನೋ, ನನಗೆ ಗಿರಾಕಿನೋ, ಗೊತ್ತಾಗ್ತಿಲ್ಲಮ್ಮ.”

ಇಪ್ಪತ್ತೊಂದನೇ ದಿನ ಅವಳಿಗೂ ಸಾಕಾಯಿತು. ಹಿಂದಿನ ಸ್ಪ್ರಿಂಗು ಬ್ಯಾಗಿನ ಭಾರಕ್ಕೆ ಕುಸಿಯುತ್ತಿತ್ತು. ಎಷ್ಟು ಬಿಗಿದರೂ ಹದ ಸಿಗಲಿಲ್ಲ. ಮೆಟ್ಟಿಲ ಮೇಲೆ ಸ್ಪ್ಯಾನರ್ ಹಿಡಿದು ಸುಮ್ಮನೆ ಕೂತಳು. ಅಮ್ಮ ಬಂದು ಪಕ್ಕದಲ್ಲಿ ನಿಂತಳು.

“ಕೊಳ್ಳೋರು ಯಾರಾದ್ರೂ ಇದಾರಾ ಅಂತ ವಿಚಾರಿಸ್ಲಾ?”

ಮೊಂಡಿ ಎದ್ದಳು. ಕತ್ತಲಾಗುವುದರೊಳಗೆ ಸ್ಪ್ರಿಂಗು ಹದಕ್ಕೆ ಬಂದಿತ್ತು.

ಹೊರಡುವ ಬೆಳಗ್ಗೆಯೂ ಅಪ್ಪ ಬಿಡಲಿಲ್ಲ. ಭಾರದ ಚೀಲ ಮೇಲಿದೆ, ಅಡ್ಡ ಗಾಳಿಗೆ ಓಲಾಡುತ್ತದೆ, ಹೀಗೆ ಆಗಲ್ಲ ಎಂದರು. ಅವಳು ಹಲ್ಲು ಕಚ್ಚಿ ಎಲ್ಲ ಬಿಚ್ಚಿ, ಭಾರದ್ದನ್ನು ಕೆಳಗೆ ಕಟ್ಟಿದಳು. ಅಪ್ಪ ಇನ್ನೊಂದು ಸುತ್ತು ಬಂದರು. ಚೈನ್ ಮುಟ್ಟಿದರು, ಟೈರ್ ಒತ್ತಿದರು.

“ಇನ್ನೇನಿದೆ ಹೇಳಿ ಅಪ್ಪ. ಹೇಳಿ.”

ಅಪ್ಪ ಕನ್ನಡಕ ಏರಿಸಿ ಇನ್ನೊಮ್ಮೆ ಬಗ್ಗಿ ನೋಡಿದರು. ಏನೂ ಸಿಗಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಒಳಗೆ ಹೋದರು. ಕೈ ಬೀಸಲೂ ನಿಲ್ಲಲಿಲ್ಲ. ಅವಳು ಬೇಕಾದ್ದಕ್ಕಿಂತ ಜೋರಾಗಿ ಎಂಜಿನ್ ಗುಡುಗಿಸಿ ಹೊರಟಳು.

ಸಂಜೆ ಲಾಡ್ಜಿನ ಮುಂದೆ ಇಳಿದಾಗ ಮೀಟರು ಐನೂರ ನಲವತ್ತು ತೋರಿಸುತ್ತಿತ್ತು. ನೋವು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬೆರಳು ಮಡಚಿದಳು, ಕುಕ್ಕರಗಾಲಿನಲ್ಲಿ ಕೂತು ಎದ್ದಳು. ಬರಲಿಲ್ಲ. ಮನೆಗೆ ಫೋನ್ ಹಚ್ಚಿದಳು.

“ಅಮ್ಮ, ಅಪ್ಪನಿಗೆ ಹೇಳು. ಐನೂರ ನಲವತ್ತು. ಮಣಿಕಟ್ಟು, ಮಂಡಿ, ಸೊಂಟ, ಒಂದೂ ನೋಯ್ತಿಲ್ಲ. ಅವರು ಸೋತರು.”

ಆಚೆ ಕಡೆ ಅಮ್ಮ ನಗು ತಡೆಯಲಾರದೆ ನಕ್ಕಳು. ತಿಂಗಳಿಡೀ ಸಿಡುಕಿ ಸಿಡುಕಿ ತನಗೆ ಸಾಕಾಗಿಹೋಗಿದೆ, ಇನ್ನು ತನ್ನ ಕೈಲಾಗದು ಎಂದಳು.

“ನೀನು ಬೈಕು ಕೊಂಡು ತಂದ ದಿನಾನೇ ಅವರು ನಂಗೆ ಹೇಳಿದ್ರು ಕಣೇ. ‘ನೀನು ಬೇಡ ಅನ್ನು, ಹೊರಡ್ತಾಳೆ. ನಾನು ಆಗಲ್ಲ ಅಂತೀನಿ, ಎಲ್ಲಾ ಸರಿ ಮಾಡ್ಕೊಂಡು ಹೊರಡ್ತಾಳೆ.’”