ಚೂರು ಜರುಗೇ

ತಮಿಳ್‌ಸೆಲ್ವಿ ಜಯಸಿಂಹನ ಕುರ್ಚಿಯಲ್ಲಿ ಕೂತಳು. ಕೂರಬಹುದೇ ಎಂದು ಕೇಳಲಿಲ್ಲ. ಆ ಕೋಣೆಯಲ್ಲಿ ಬೇರೆ ಕುರ್ಚಿ ಇರಲೂ ಇಲ್ಲ. ಅವನ ಹೆಂಡತಿ ಗೋಪಿಕಾ ಬಾಗಿಲಿಗೆ ಒರಗಿ ನಿಂತಳು.

ಕಾಲೇಜಿನಲ್ಲಿ ಜಯಸಿಂಹ ಮತ್ತು ಅವನ ವಿದ್ಯಾರ್ಥಿನಿ ತಮಿಳ್‌ಸೆಲ್ವಿ ಸೇರಿ ಮಾಡುತ್ತಿದ್ದ ಕೆಲಸ ಅರ್ಧಕ್ಕೆ ನಿಂತಿತ್ತು. ಬ್ರಿಟಿಷರ ಕಾಲದ ಬರ್ಮಾ ಕಡೆಯ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಆಗಿನ ಗೆರೆಗೂ ಈಗಿನ ದೇಶದ ಗಡಿಗೂ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ನೋಡುವುದು. ಜಯಸಿಂಹ ತೀರಿಕೊಂಡ ಮೇಲೆ ಅವನ ಪಾಲಿನ ಕೆಲಸ ಮನೆಯ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿತ್ತು. ಏನು ಮಾಡ್ತಿದೀರಿ ಎಂದು ಗೋಪಿಕಾ ಕೇಳಿದಾಗಲೆಲ್ಲ ಅವನು "ಗೆರೆ ಎಳೀತಿದೀನಿ" ಎನ್ನುತ್ತಿದ್ದ. ಅಷ್ಟೇ.

ತಮಿಳ್‌ಸೆಲ್ವಿಗೆ ಎಲ್ಲ ಹೇಳಿದ್ದ.

"ನದೀನ ನಂಬಬೇಡ, ಅದು ಜಾಗ ಬದಲಾಯಿಸುತ್ತೆ, ಬೆಟ್ಟದ ತುದಿ ಹಿಡಿ ಅಂತಾರೆ ಸಾರ್," ಎಂದಳು ಅವಳು ತಮಿಳಿನಲ್ಲಿ. ಅಂತಿದ್ದರು ಎನ್ನಲಿಲ್ಲ. ಅಂತಾರೆ ಎಂದಳು.

ಅಡುಗೆಮನೆಯಿಂದ ಅತ್ತೆ ರಾಧಮ್ಮನ ದನಿ ಬಂತು. "ಗೋಪಿ, ಆ ಹುಡುಗಿಗೆ ಫ್ಯಾನ್ ಹಾಕಿದ್ಯಾ? ಪಾಪ, ಗಾಂಧೀಪುರಂ ಇಂದ ನಮ್ಮ ತುಡಿಯಲೂರು ತನಕ ಬಸ್ಸಲ್ಲಿ ನಿಂತೇ ಬಂದಿದಾಳಂತೆ."

"ಓಡ್ತಿದೆ ಅತ್ತೆ," ಎಂದು ಗೋಪಿಕಾ ಫ್ಯಾನಿನ ವೇಗ ತಗ್ಗಿಸಿದಳು.

ಪರದೆಯ ಮೇಲೆ ಹಳೆಯ ನಕ್ಷೆ ಗಾಜಿನಂತೆ ತೆಳುವಾಗಿ ಹೊಸದರ ಮೇಲೆ ತೇಲುತ್ತಿತ್ತು. ಒಂದು ಬೆಟ್ಟ ಹೊಂದಿದರೆ ಇನ್ನೊಂದು ತಪ್ಪುತ್ತಿತ್ತು. ತಮಿಳ್‌ಸೆಲ್ವಿ ಮೌಸನ್ನು ಕೂದಲೆಳೆಯಷ್ಟು ಸರಿಸುತ್ತ ತನ್ನಷ್ಟಕ್ಕೆ ಹೇಳಿಕೊಂಡಳು.

"ಚೂರು ಜರುಗೇ."

ಕನ್ನಡದಲ್ಲಿ.

ತಮಿಳು ನೆಲದಲ್ಲಿದ್ದ ಆ ಕನ್ನಡ ಮನೆಯವರಿಗೆ ಬೀದಿಗೆ, ಅಂಗಡಿಗೆ, ಕಾಲೇಜಿಗೆ ತಮಿಳು. ಕನ್ನಡ ಹೊಸ್ತಿಲೊಳಗಿನದು. ಅದರಲ್ಲೂ ಈ ಎರಡು ಪದ ಹಜಾರಕ್ಕೂ ಬಂದವಲ್ಲ. ಇಬ್ಬರಿಗೆ ಸಾಲದ ಮಂಚದಲ್ಲಿ, ದೀಪ ಆರಿಸಿ ಬಂದು, ಅವನು ಗೋಪಿಕಾಗೆ ಹೇಳುತ್ತಿದ್ದ ಮಾತು.

"ಸಾರ್ ಅದನ್ನ ಯಾರಿಗೆ ಹೇಳ್ತಿದ್ದರು?" ಗೋಪಿಕಾ ಕೇಳಿದಳು.

"ಮ್ಯಾಪಿಗೆ ಅಕ್ಕಾ. ಸರಿಯಾಗಿ ಕೂರದೆ ಹಟ ಮಾಡಿದಾಗ." ತಮಿಳ್‌ಸೆಲ್ವಿ ನಕ್ಕಳು. "ಕೇಳಿ ಕೇಳಿ ನನಗೂ ಬಾಯಿಗೆ ಬಂದುಬಿಟ್ಟಿದೆ. ಅರ್ಥ ಮಾತ್ರ ಗೊತ್ತಿಲ್ಲ. ನಿಮ್ಮ ಕನ್ನಡ ತಾನೇ?"

ಜರುಗು ಅಲ್ಲ, ಜರುಗೇ. ಹೆಣ್ಣಿಗೆ, ಅದೂ ತನ್ನವಳಿಗೆ ಹೇಳುವ ರೀತಿ. ನಕ್ಷೆಯನ್ನು ಯಾರಾದರೂ ಹಾಗೆ ಕರೆಯುತ್ತಾರೆಯೇ? ಕಾಲೇಜಿನಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ ಕೂರುತ್ತಿದ್ದರೇ, ಎಷ್ಟು ಹತ್ತಿರ ಕೂರುತ್ತಿದ್ದರು?

"ಕನ್ನಡ ಅಲ್ಲ," ಎಂದಳು ಗೋಪಿಕಾ. "ತೆಲುಗಿರಬೇಕು."

ಕಾಫಿ ತಂದ ರಾಧಮ್ಮ ಅವಳ ಹಿಂದೆಯೇ ನಿಂತಿದ್ದರು. ಮಗ ಸೊಸೆಯ ಕೋಣೆಗೂ ತಮ್ಮ ಕೋಣೆಗೂ ನಡುವೆ ತೆಳು ಗೋಡೆಯೊಂದೇ ಇದ್ದ ಮನೆಯಲ್ಲಿ ಬಾಳಿದವರು.

"ಹೌದಾಮ್ಮಾ?" ತಮಿಳ್‌ಸೆಲ್ವಿ ಅವರತ್ತ ತಿರುಗಿದಳು. "ಚೂರು ಜರುಗೇ ಅಂದರೆ ತೆಲುಗಾ?"

ರಾಧಮ್ಮ ಸೊಸೆಯ ಮುಖ ನೋಡಿದರು. ಲೋಟವನ್ನು ಹುಡುಗಿಯ ಕೈಗೆ ಕೊಟ್ಟು, ತಮಿಳಿನಲ್ಲೇ ಹೇಳಿದರು.

"ತೆಲುಗೇ ಅಮ್ಮಾ. ನಮ್ಮ ಮನೇಲಿ ಅಂಥ ಮಾತಿಲ್ಲ."